ನಮ್ಮೂರ ನದಿ ಯಾವುದು?

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ಬರಹ)

ಪ್ರವಾಸದ ಲೇಖನವೆಂದರೆ ಕಾಶಿಯೋ ಕಾಶ್ಮೀರವೋ ಆಗಿರಬೇಕೆಂಬುದು ನಮ್ಮಲ್ಲಿ ಅನೇಕರ ಅಭಿಪ್ರಾಯ. ನಾನು ಅಷ್ಟು ದೂರ ಹೋದವನಲ್ಲ. ಕಳೆದ ದಸರಾ ರಜೆಯಲ್ಲಿ ಮೂರು ದಿನ, ನನ್ನ ಸೋದರಮಾವನ ಟೆಂಪೋದ ಮುಂದಿನ ಸೀಟಿನಲ್ಲಿ ಕುಳಿತು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಗುಡಿಬಂಡೆ, ಚಿಂತಾಮಣಿ ತಾಲ್ಲೂಕುಗಳ ರಸ್ತೆಗಳಲ್ಲಿ ತಿರುಗಾಡಿದೆ, ಅಷ್ಟೇ. ಟೆಂಪೋದ ಮೀಟರಿನ ಪ್ರಕಾರ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈ ರಸ್ತೆಗಳಲ್ಲೇ ಬಸ್ಸು ಹಿಡಿದು ಬರುವವರು. ಹೀಗಿರಲು ಇದರಲ್ಲಿ ಹೇಳುವಂಥದು ಏನಿದೆಯೆಂದು ವಾಚಕರು ಕೇಳಿದರೆ ತಪ್ಪಿಲ್ಲ. ಹೊರಡುವ ಮುನ್ನ ನನಗೂ ಹಾಗೆಯೇ ಅನ್ನಿಸಿತ್ತು.

ಇದಕ್ಕೆಲ್ಲ ಕಾರಣವಾದುದು ತರಗತಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ. ಭೂಗೋಳವನ್ನು ಬೋಧಿಸುವ ಅಧ್ಯಾಪಕರು ಒಂದು ದಿನ ಒಬ್ಬೊಬ್ಬರನ್ನೇ ಎಬ್ಬಿಸಿ, ‘ನಿಮ್ಮೂರ ನದಿ ಯಾವುದು?’ ಎಂದು ಕೇಳುತ್ತ ಬಂದರು. ಕಾವೇರಿ ತೀರದಿಂದ ಬಂದು ಹಾಸ್ಟೆಲಿನಲ್ಲಿರುವ ಗೆಳೆಯನೊಬ್ಬ ಎದೆಯುಬ್ಬಿಸಿಕೊಂಡು ಉತ್ತರ ಹೇಳಿದ. ನನ್ನ ಸರದಿ ಬಂದಾಗ, ‘ನಮ್ಮದು ದಿಬ್ಬೂರಹಳ್ಳಿ ಕಡೆ ಸಾರ್, ಅಲ್ಲಿ ನದಿಯಿಲ್ಲ’ ಎಂದೆ. ತರಗತಿಯೆಲ್ಲ ನಕ್ಕಿತು. ಅಧ್ಯಾಪಕರು ನಗಲಿಲ್ಲ. ‘ನದಿಯಿಲ್ಲದ ಊರು ಅಂತ ಇಲ್ಲಪ್ಪ. ನಿಮ್ಮೂರಲ್ಲಿ ಬಿದ್ದ ಮಳೆ ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತೆ, ತಿಳಿದುಕೊಂಡು ಬಾ’ ಎಂದು ಹೇಳಿ ಮುಂದಿನವನನ್ನು ಎಬ್ಬಿಸಿದರು.

ಆ ವಾರ ಊರಿಗೆ ಹೋದಾಗ ಅಪ್ಪನನ್ನು ಕೇಳಿದೆ: ‘ಅಪ್ಪ, ನಮ್ಮ ಹೊಲದ ಮಳೆನೀರು ಎಲ್ಲಿಗೆ ಹೋಗುತ್ತೆ?’ ಅಪ್ಪ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದವರು ತಲೆಯೆತ್ತದೆ, ‘ಹೋಗೋದು ಹಾಗಿರಲಿ, ಮೊದಲು ಬರಬೇಕಲ್ಲ’ ಎಂದರು.

ಅವರ ಮಾತಿನ ಹಿಂದೆ ಒಂದು ಕಥೆಯಿತ್ತು. ಹೋದ ಬೇಸಿಗೆಯಲ್ಲಿ ನಮ್ಮ ಮೂರನೆಯ ಕೊಳವೆಬಾವಿ 1,200 ಅಡಿ ಇಳಿದು ಬರೀ ಕಲ್ಲುಹುಡಿಯನ್ನು ಉಗುಳಿತ್ತು. ಆ ಸಾಲ ತೀರಿಸುವುದಕ್ಕೆ ಎರಡು ಎಕರೆ ಜಮೀನನ್ನು ಕೊಟ್ಟುಬಿಡುವುದೋ ಬೇಡವೋ ಎಂದು ಮನೆಯಲ್ಲಿ ಮಾತುಕತೆ ನಡೆಯುತ್ತಿತ್ತು. ‘ಓದಿದೋನು, ಅವನೂ ಒಂದು ಮಾತು ಹೇಳಲಿ’ ಎಂದು ನನ್ನನ್ನೂ ಕೂರಿಸಿಕೊಂಡಿದ್ದರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಫ್ರಾನ್ಸಿನ ಕ್ರಾಂತಿಗೆ ಕಾರಣಗಳೇನೆಂದು ಕೇಳಿದ್ದರೆ ಹತ್ತು ಪುಟ ಬರೆಯುತ್ತಿದ್ದೆ. ನಮ್ಮ ಬಾವಿ ಏಕೆ ಬತ್ತಿತೆಂದು ಹೇಳಲು ನನ್ನಲ್ಲಿ ಒಂದು ವಾಕ್ಯವೂ ಇರಲಿಲ್ಲ. ಆದುದರಿಂದ ಮಾವ ‘ರಜಾ ಇದ್ರೆ ಬಾ, ಮೂರು ದಿನ ಬಾಡಿಗೆ ಇದೆ, ಜೊತೆಗೊಬ್ಬ ಇದ್ರೆ ಒಳ್ಳೇದು’ ಎಂದಾಗ, ಒಂದು ನೋಟುಬುಕ್ಕು ಹಿಡಿದು ಹೊರಟೆ.

ಮೊದಲ ದಿನ ಗೂಡಿನ ಚೀಲಗಳನ್ನು ಹೇರಿಕೊಂಡು ಬೆಳಗಿನ ಜಾವ ದಿಬ್ಬೂರಹಳ್ಳಿಯನ್ನು ಬಿಟ್ಟೆವು. ಹೆಸರಿನಲ್ಲಿಯೇ ದಿಬ್ಬವಿರುವ ಊರು ನಮ್ಮದು. ಶಿಡ್ಲಘಟ್ಟ ತಾಲ್ಲೂಕಿನ ಉತ್ತರದ ಅಂಚಿಗಿರುವ ಈ ಸೀಮೆಯಲ್ಲಿ ಸುತ್ತ ಬೋಳು ಗುಡ್ಡ, ನಡುನಡುವೆ ಹೆಬ್ಬಂಡೆ, ಅವುಗಳ ಸಂದಿನಲ್ಲಿ ರಾಗಿ, ನೆಲಗಡಲೆ, ಹಿಪ್ಪುನೇರಳೆಯ ತುಂಡು ಹೊಲಗಳು. ದಾರಿ ಕೇಳಿದರೆ ಒಬ್ಬ ಕನ್ನಡದಲ್ಲಿ ಹೇಳುತ್ತಾನೆ, ಪಕ್ಕದವನು ಅದನ್ನೇ ತೆಲುಗಿನಲ್ಲಿ ತಿದ್ದುತ್ತಾನೆ. ಬಸ್ಸುಗಳು ಅಪರೂಪ. ಒಂದು ತಪ್ಪಿದರೆ ಮುಂದಿನದು ಬರುವವರೆಗೆ ಅರಳಿಕಟ್ಟೆಯೇ ಗತಿ.

ಈ ರಸ್ತೆಯಲ್ಲಿ ನೂರಾರು ಸಲ ಓಡಾಡಿದವನಾದರೂ ನಾನು ಗಮನಿಸದೆ ಇದ್ದ ವಿಷಯವೊಂದನ್ನು ಮಾವ ಮಾತಿನ ನಡುವೆ ಹೇಳಿದರು. ‘ನಮ್ಮ ಕಡೆ ರೋಡು ಎಲ್ಲಿ ತಿರುವಿಕೊಂಡು ಮೇಲಕ್ಕೆ ಹತ್ತುತ್ತೋ ಅಲ್ಲಿ ಕೆರೆ ಏರಿ ಅಂತ ತಿಳ್ಕೋ. ಹೆಡ್‌ಲೈಟ್ ಇಲ್ದಿದ್ರೂ ನಂಗೆ ಗೊತ್ತಾಗುತ್ತೆ.’ ಅಂದಿನಿಂದ ನೋಡುತ್ತ ಬಂದೆ. ನಿಜವೇ ಸರಿ. ಹಳೆಯ ಕಾಲದವರು ರಸ್ತೆಗೆಂದು ಬೇರೆ ಮಣ್ಣು ಹೊರಲಿಲ್ಲ. ಕೆರೆಯ ಏರಿಯನ್ನೇ ರಸ್ತೆಯಾಗಿ ಮಾಡಿಕೊಂಡರು. ಅಂತಹ ಏರಿಯ ಮೇಲೆ ಹೋಗುವಾಗ ಒಂದು ಪಕ್ಕಕ್ಕೆ ಕೆರೆಯಂಗಳ, ಇನ್ನೊಂದು ಪಕ್ಕಕ್ಕೆ ತಗ್ಗಿನಲ್ಲಿ ಅಚ್ಚುಕಟ್ಟು. ನೀರು ಯಾವ ದಿಕ್ಕಿಗೆ ಹರಿಯುತ್ತದೆಂದು ತಿಳಿಯಲು ನಕ್ಷೆಯ ಅಗತ್ಯವೇ ಇಲ್ಲ. ಅಚ್ಚುಕಟ್ಟು ಯಾವ ಕಡೆಗಿದೆಯೋ ಇಳಿಜಾರು ಅದೇ ಕಡೆಗೆ. ಬಸ್ಸಿನ ಕಿಟಕಿಯ ಬಳಿ ಕೂರುವ ನನ್ನ ಸಹಪಾಠಿಗಳು ಇದನ್ನು ಒಮ್ಮೆ ಪರೀಕ್ಷಿಸಿ ನೋಡಬೇಕೆಂದು ಕೋರುತ್ತೇನೆ.

ಕೆರೆಯ ಅಂಗಗಳ ಹೆಸರುಗಳನ್ನು ನಮ್ಮ ತಲೆಮಾರಿನವರು ಮರೆಯುತ್ತಿರುವುದರಿಂದ ಇಲ್ಲಿ ಒಂದಿಷ್ಟು ವಿವರಿಸುತ್ತೇನೆ. ಗುಡ್ಡದ ನೀರನ್ನು ಕೆರೆಗೆ ತರುವುದು ರಾಜಕಾಲುವೆ. ತಡೆದು ನಿಲ್ಲಿಸುವುದು ಏರಿ. ಬೇಕಾದಾಗ ಗದ್ದೆಗೆ ಬಿಡುವುದು ತೂಬು. ಹೆಚ್ಚಾದುದನ್ನು ಏರಿಗೆ ಅಪಾಯವಾಗದಂತೆ ಹೊರಗೆ ಕಳುಹಿಸುವುದು ಕೋಡಿ. ತೂಬನ್ನು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಕೋಡಿಯ ನೀರು ಪೋಲಾಗುವುದಿಲ್ಲ. ಅದು ಹಳ್ಳ ಹಿಡಿದು ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ಆ ಕೆರೆ ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಸರಪಣಿಯ ಕೊಂಡಿಗಳಂತೆ ಒಂದರ ಕೆಳಗೊಂದು ಕೆರೆ. ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸಿನ ಮಳೆ ಬೀಳುವ, ಅದರಲ್ಲಿಯೂ ಸೆಪ್ಟೆಂಬರು ಅಕ್ಟೋಬರು ತಿಂಗಳುಗಳಲ್ಲೇ ಹೆಚ್ಚಾಗಿ ಸುರಿಯುವ ನಾಡಿನಲ್ಲಿ, ನೀರನ್ನು ಓಡಲು ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ ಉಪಾಯವಿದು. ಇಷ್ಟನ್ನು ಅರಿತುಕೊಂಡ ಮೇಲೆ, ‘ಕೆರೆ ಏಕೆ ತುಂಬುವುದಿಲ್ಲ’ ಎಂಬ ಪ್ರಶ್ನೆಗೆ ‘ಮಳೆಯಿಲ್ಲ’ ಎಂಬುದೊಂದೇ ಉತ್ತರವಲ್ಲವೆಂದು ನನಗೆ ತೋರಿತು. ಮೇಲಿನ ಕೊಂಡಿ ಕಳಚಿದರೆ ಕೆಳಗಿನದು ತುಂಬುವುದು ಹೇಗೆ?

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಗದ್ದಲವನ್ನು ವರ್ಣಿಸಲು ಇನ್ನೊಂದು ಲೇಖನವೇ ಬೇಕು. ತಟ್ಟೆಗಳಲ್ಲಿ ರಾಶಿ ಹಾಕಿದ ಹಳದಿ, ಬಿಳಿ ಗೂಡುಗಳು, ಕೈಯಲ್ಲಿ ಹಿಡಿದು ಅಲುಗಿಸಿ ಕಿವಿಗೊಡುವ ರೀಲರುಗಳು, ಮೊಬೈಲಿನಲ್ಲಿ ಏರುವ ಹರಾಜಿನ ಬೆಲೆ. ಅಂದು ನಮ್ಮ ಲಾಟಿಗೆ ಬಂದ ದರ ಕೇಳಿ ಮಾವ ಏನೂ ಹೇಳದೆ ಚಹಾ ಕುಡಿದರು. ಒಂದು ಮಾತನ್ನು ಮಾತ್ರ ಇಲ್ಲಿ ಹೇಳಬೇಕು. ಹುಳುವಿಗೆ ಸೊಪ್ಪು ಬೇಕು, ಸೊಪ್ಪಿಗೆ ನೀರು ಬೇಕು. ಈ ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರುವುದು ಒಂದು ರೀತಿಯಲ್ಲಿ ನಮ್ಮ ಭೂಮಿಯ ಒಳಗಿನ ನೀರೇ ಸರಿ.

ಚಿಕ್ಕಬಳ್ಳಾಪುರ ತಲುಪಿದಾಗ ಹನ್ನೊಂದು ಗಂಟೆ. 2007ರವರೆಗೂ ಕೋಲಾರ ಜಿಲ್ಲೆಯ ಒಂದು ತಾಲ್ಲೂಕಾಗಿದ್ದ ಊರು ಈಗ ಜಿಲ್ಲಾ ಕೇಂದ್ರ. ಊರ ಅಂಚಿನ ಕಂದವಾರ ಕೆರೆಯಲ್ಲಿ ನೀರು ತುಂಬಿತ್ತು! ನಾನು ಸಂತೋಷದಿಂದ ಕೂಗಿದಾಗ ಮಾವ, ‘ಅದು ಮಳೆದಲ್ಲ, ಬೆಂಗಳೂರಿಂದು’ ಎಂದರು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ, ಕೊಳವೆಗಳ ಮೂಲಕ ಮೇಲಕ್ಕೆತ್ತಿ, ಬೆಂಗಳೂರು ಮತ್ತು ಚಿಕ್ಕಬಳ್ಳಾಪುರದ ಕಡೆಯ 65 ಕೆರೆಗಳಿಗೆ ಹರಿಸುವುದು ಈ ಯೋಜನೆ. ಕೋಲಾರದ ಕಡೆಗೆ ಇಂತಹುದೇ ಯೋಜನೆ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ 2018ರಲ್ಲಿ ಆರಂಭವಾಯಿತು. ಆ ನೀರಿನಿಂದ ಅಂತರ್ಜಲ ಏರಿತೆಂದು ಸಂತೋಷಪಡುವ ರೈತರೂ ಉಂಟು, ಮೂರನೆಯ ಹಂತದ ಶುದ್ಧೀಕರಣ ಆಗಲೇಬೇಕೆಂದು ಹೋರಾಡುವವರೂ ಉಂಟು. ನನಗೆ ಎರಡೂ ನ್ಯಾಯವೆಂದೇ ಕಂಡಿತು. ನಾವು ಬೆಂಗಳೂರಿಗೆ ಹಾಲು, ತರಕಾರಿ, ದ್ರಾಕ್ಷಿ ಕಳುಹಿಸುತ್ತೇವೆ. ಬೆಂಗಳೂರು ತಾನು ಬಳಸಿದ ನೀರನ್ನು ನಮಗೆ ಕಳುಹಿಸುತ್ತದೆ!

ಮಧ್ಯಾಹ್ನ ನಂದಿ ಗ್ರಾಮಕ್ಕೆ ಹೋದೆವು. ಭೋಗನಂದೀಶ್ವರನ ದೇವಾಲಯವನ್ನು ನೋಡದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಇರಲಾರ. ಒಂಬತ್ತನೆಯ ಶತಮಾನದಿಂದ ಮೊದಲಾಗಿ ನೊಳಂಬರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರ ಮೇಲೊಬ್ಬರು ಕಟ್ಟಿ ಬೆಳೆಸಿದ ಗುಡಿಯದು. ಶಿಲ್ಪದ ವಿಷಯವನ್ನು ಬಲ್ಲವರಿಗೆ ಬಿಟ್ಟು ನಾನು ನೇರವಾಗಿ ಕಲ್ಯಾಣಿಗೆ ಹೋದೆ. ನಾಲ್ಕು ಕಡೆಗಳಿಂದಲೂ ಮೆಟ್ಟಿಲುಗಳು ಇಳಿಯುವ ಈ ಶೃಂಗಿತೀರ್ಥವೇ ದಕ್ಷಿಣ ಪಿನಾಕಿನಿಯ ಮೂಲವೆಂದು ಸ್ಥಳದ ಜನ ನಂಬುತ್ತಾರೆ. ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು, ಗ್ರಂಥಾಲಯದಿಂದ ಬರೆದುಕೊಂಡು ಬಂದಿದ್ದ ನಕ್ಷೆಯನ್ನು ಬಿಡಿಸಿ ನೋಡಿದೆ. ಆಗ ನನಗಾದ ಆಶ್ಚರ್ಯವನ್ನು ಹೇಗೆ ಹೇಳಲಿ!

1,478 ಮೀಟರ್ ಎತ್ತರದ ನಂದಿ ಬೆಟ್ಟ ಮತ್ತು ಅದರ ಸುತ್ತಲಿನ ಸಾಲು ನಮ್ಮ ಮನೆಯ ಮಾಡಿನ ತೊಲೆಯಿದ್ದಂತೆ. ಮಾಡಿನ ನೀರು ಎರಡು ಕಡೆಗೆ ಇಳಿಯುತ್ತದೆ. ಇಲ್ಲಿ ನಾಲ್ಕೂ ಕಡೆಗೆ. ಉತ್ತರ ಪಿನಾಕಿನಿ ಇಲ್ಲಿಂದ ವಾಯವ್ಯಕ್ಕೆ ಹೊರಟು ಗೌರಿಬಿದನೂರನ್ನು ಹಾದು, ಹಿಂದೂಪುರದ ಕಡೆಗೆ ಆಂಧ್ರವನ್ನು ಹೊಕ್ಕು, ಒಟ್ಟು 597 ಕಿ.ಮೀ. ಹರಿದು ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ಹಾದು ತಮಿಳುನಾಡಿಗೆ ಹೋಗಿ, ಅಲ್ಲಿ ತೆನ್‌ಪೆಣ್ಣೈ ಎನ್ನಿಸಿಕೊಂಡು, ಕಡಲೂರಿನ ಬಳಿ ಸಮುದ್ರ ಕಾಣುತ್ತದೆ. ಅರ್ಕಾವತಿ ನಂದಿಯಲ್ಲಿ ಹುಟ್ಟಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಚಿಕ್ಕಬಳ್ಳಾಪುರದ ಹರಿಹರೇಶ್ವರ ಬೆಟ್ಟದಲ್ಲಿ ಹುಟ್ಟುವ ಚಿತ್ರಾವತಿ ಬಾಗೇಪಲ್ಲಿಯ ಮೇಲೆ ಪುಟ್ಟಪರ್ತಿಯ ಕಡೆಗೆ ಹೋಗುತ್ತದೆ. ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ಬೆಟ್ಟಗಳಿಂದ ಪಾಪಾಗ್ನಿ ಈಶಾನ್ಯಕ್ಕೆ ಹೊರಡುತ್ತದೆ. ಚಿತ್ರಾವತಿ, ಪಾಪಾಗ್ನಿಗಳೆರಡೂ ಮುಂದೆ ಕಡಪ ಜಿಲ್ಲೆಯಲ್ಲಿ ಉತ್ತರ ಪಿನಾಕಿನಿಯನ್ನೇ ಸೇರುವವು. ಎಂದರೆ ದಿಬ್ಬೂರಹಳ್ಳಿಯ ಗುಡ್ಡದ ಈ ಮಗ್ಗುಲಲ್ಲಿ ಬೀಳಲಿ, ಆ ಮಗ್ಗುಲಲ್ಲಿ ಬೀಳಲಿ, ನಮ್ಮ ಮಳೆ ಕೊನೆಗೆ ನೆಲ್ಲೂರಿನ ಪಾಲು. ನದಿಯಿಲ್ಲವೆಂದು ತರಗತಿಯಲ್ಲಿ ತಲೆ ತಗ್ಗಿಸಿದವನ ಊರು ನದಿಗಳ ತವರಿನಲ್ಲಿದೆ. ತವರಿನಲ್ಲಿ ಮಾತ್ರ ಮಕ್ಕಳು ನಿಲ್ಲುವುದಿಲ್ಲ.

ಇದಕ್ಕೆ ಕಾನೂನಿನ ಒಂದು ಮುಖವೂ ಇದೆಯೆಂಬುದನ್ನು ನಾನು ಆಮೇಲೆ ಓದಿ ತಿಳಿದೆ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಒಂದು ಒಪ್ಪಂದವಾಯಿತು. ಕಾವೇರಿ ವ್ಯಾಜ್ಯದ ಸಂದರ್ಭದಲ್ಲಿ ಎಲ್ಲರೂ ಇದರ ಹೆಸರು ಕೇಳಿರುತ್ತಾರೆ. ಆದರೆ ಅದರ ಪಟ್ಟಿಯಲ್ಲಿದ್ದ ಹದಿನೈದು ನದಿಗಳಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಇವೂ ಇದ್ದುವು. ಮದರಾಸಿನ ಒಪ್ಪಿಗೆ ಪಡೆಯದೆ ಮೈಸೂರಿನವರು ಈ ನದಿಗಳಿಗೆ ಅಡ್ಡಲಾಗಿ ಹೊಸ ಜಲಾಶಯಗಳನ್ನು ಕಟ್ಟುವಂತಿರಲಿಲ್ಲ. ಕೆಳಗಿನವರಿಗೆ ಅನ್ಯಾಯವಾಗಬಾರದೆಂಬುದು ಸರಿ. ಹದಿನೈದರಲ್ಲಿ ಐದು ನದಿಗಳು ಒಂದೇ ಸೀಮೆಯ ಬೆಟ್ಟಗಳಲ್ಲಿ ಹುಟ್ಟುತ್ತಿದ್ದು, ಆ ಸೀಮೆಯವರಿಗೆ ಕೆರೆಗಳೇ ಗತಿಯಾಗಿದ್ದುವೆಂಬುದೂ ಅಷ್ಟೇ ಸರಿ.

ಅಲ್ಲಿಂದ ಮುದ್ದೇನಹಳ್ಳಿ ಹತ್ತಿರವೇ. 1861ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. 1962ರಲ್ಲಿ ಅವರು ತೀರಿಕೊಂಡ ಮೇಲೆ ಸಮಾಧಿಯಾದುದೂ ಇಲ್ಲಿಯೇ. ಊರೂರಿಗೆ ನೀರಿನ ದಾರಿ ತೋರಿದ ಇಂಜಿನಿಯರರ ಹುಟ್ಟೂರಿನ ಸುತ್ತಮುತ್ತ ಕೊಳವೆಬಾವಿ ಕೊರೆಯುವ ಲಾರಿಗಳು ನಿಂತಿರುವುದನ್ನು ನೋಡಿ ಮನಸ್ಸಿಗೆ ಏನೋ ಒಂದು ಬಗೆಯಾಯಿತು. ಸಕಲೇಶಪುರದ ಕಡೆ ಪಶ್ಚಿಮಕ್ಕೆ ಹರಿಯುವ ಹಳ್ಳಗಳ ನೀರನ್ನು ಈ ಕಡೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. 2024ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಂತ ಸಕಲೇಶಪುರದ ಬಳಿ ಉದ್ಘಾಟನೆಯಾಯಿತು. ಶಂಕುಸ್ಥಾಪನೆಯಾದಾಗ ನಾನು ಪ್ರಾಥಮಿಕ ಶಾಲೆಯ ಹುಡುಗ. ‘ನೀನು ದೊಡ್ಡವನಾಗೋ ಹೊತ್ತಿಗೆ ನಮ್ಮ ಕೆರೆಗೆ ನೀರು’ ಎಂದು ಅಪ್ಪ ಹೇಳಿದ್ದರು. ನಾನಂತೂ ದೊಡ್ಡವನಾಗಿದ್ದೇನೆ.

ರಾತ್ರಿ ಚಿಕ್ಕಬಳ್ಳಾಪುರದ ನೆಂಟರ ಮನೆಯಲ್ಲಿ ಮಲಗಿ, ಎರಡನೆಯ ದಿನ ಶಾಮಿಯಾನದ ಸಾಮಾನು ಹೇರಿಕೊಂಡು ಗೌರಿಬಿದನೂರಿನ ಹಾದಿ ಹಿಡಿದೆವು. ರಂಗಸ್ಥಳದಲ್ಲಿ ರಂಗನಾಥನಿಗೆ ಟೆಂಪೋದಿಂದಲೇ ಕೈಮುಗಿದು, ಮಂಚೇನಹಳ್ಳಿಯಲ್ಲಿ ಇಡ್ಲಿ ತಿಂದು, ಗೌರಿಬಿದನೂರಿನಲ್ಲಿ ಸಾಮಾನು ಇಳಿಸಿದ ಮೇಲೆ ಮಾವ ತಾವಾಗಿಯೇ, ‘ನಡಿ, ಅಶ್ವತ್ಥಕ್ಕೆ ಹೋಗಿಬರೋಣ’ ಎಂದರು. ವಿದುರಾಶ್ವತ್ಥವನ್ನು ನಮ್ಮ ಕಡೆಯವರು ಹಾಗೆಯೇ ಕರೆಯುವುದು.

ಉತ್ತರ ಪಿನಾಕಿನಿಯ ದಡದ ಈ ಕ್ಷೇತ್ರದಲ್ಲಿ ಮಹಾಭಾರತದ ವಿದುರ ನೆಟ್ಟ ಅಶ್ವತ್ಥವೆಂದು ಹೆಸರಾಗಿದ್ದ ಮರ 2001ರಲ್ಲಿ ಬಿದ್ದುಹೋಯಿತು. ಮಕ್ಕಳಾಗಲೆಂದು ಹರಸಿಕೊಂಡವರು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳು ಮಾತ್ರ ಲೆಕ್ಕವಿಲ್ಲದಷ್ಟು ಸಾಲುಸಾಲಾಗಿ ನಿಂತಿವೆ. ನಮ್ಮ ಅಜ್ಜಿಯ ಹರಕೆಯದೂ ಒಂದು ಅಲ್ಲಿದೆಯಂತೆ, ಹುಡುಕಿದೆ, ಸಿಗಲಿಲ್ಲ.

ಈ ತೋಪಿನಲ್ಲಿಯೇ 1938ರ ಏಪ್ರಿಲ್ 25ರಂದು, ನಿಷೇಧವನ್ನು ಮೀರಿ ಕಾಂಗ್ರೆಸ್ ಧ್ವಜವನ್ನು ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸ್ಮಾರಕದಲ್ಲಿ 32 ಮಂದಿಯ ಹೆಸರುಗಳಿವೆ. ಅಂದಿನ ಸರ್ಕಾರ ಒಪ್ಪಿಕೊಂಡ ಸಂಖ್ಯೆ ಇದಕ್ಕಿಂತ ಬಹಳ ಕಡಿಮೆ. ಸುದ್ದಿ ದೇಶವನ್ನೆಲ್ಲ ಮುಟ್ಟಿ, ಮೇ ತಿಂಗಳಿನಲ್ಲಿ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರು ಸಂಸ್ಥಾನಕ್ಕೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದರು. ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂಬ ಒಪ್ಪಂದವಾಯಿತು. ಚರಿತ್ರೆಯ ಪಾಠದಲ್ಲಿ ಇದನ್ನು ಎರಡು ಸಾಲಿನಲ್ಲಿ ಓದಿದ್ದೆ. ಹೆಸರುಗಳ ಮುಂದೆ ನಿಂತು ಒಂದೊಂದನ್ನೇ ಓದುವಾಗ, ಇವೆಲ್ಲ ನಮ್ಮೂರಿನಲ್ಲಿ ದಿನವೂ ಕೂಗಿ ಕರೆಯುವ ಹೆಸರುಗಳೇ ಎಂದು ಹೊಳೆಯಿತು. ಮಾವ ಟೋಪಿ ತೆಗೆದು ನಿಂತಿದ್ದರು.

ತೋಪಿನ ಹಿಂದೆ ಹೊಳೆಗೆ ಇಳಿದೆವು. ನಮ್ಮೂರ ನೀರಿನ ಹಿರಿಯಕ್ಕನನ್ನು ನೋಡುವ ಆಸೆ ನನಗೆ. ಅಲ್ಲಿದ್ದುದು ಜಾಲಿಯ ಪೊದೆ, ಹುಲ್ಲು, ಮರಳು ಬಗೆದ ಹಳ್ಳಗಳು, ಅವುಗಳಲ್ಲಿ ನಿಂತ ಮಳೆನೀರು. ಮರಳೆಂದರೆ ಹೊಳೆ ತನ್ನ ನೀರನ್ನು ಬಿಸಿಲಿನಿಂದ ಮುಚ್ಚಿಡುವ ಪೆಟ್ಟಿಗೆ. ಹಿಂದೆ ಕೈಯಿಂದ ಒಂದು ಮೊಳ ತೋಡಿದರೆ ಒರತೆ ಬರುತ್ತಿತ್ತೆಂದು ದನ ಮೇಯಿಸುತ್ತಿದ್ದ ಮುದುಕರೊಬ್ಬರು ತೆಲುಗಿನಲ್ಲಿ ಹೇಳಿದರು.

ಸಾಯಂಕಾಲ ಗುಡಿಬಂಡೆಯನ್ನು ತಲುಪಿ, ಮಾವ ಟೆಂಪೋದಲ್ಲಿ ಕಣ್ಣು ಮುಚ್ಚಿದಾಗ ನಾನೊಬ್ಬನೇ ಬೆಟ್ಟವೇರಿದೆ. ಹದಿನೇಳನೆಯ ಶತಮಾನದ ಪಾಳೆಯಗಾರ ಬೈರೇಗೌಡನ ಕೋಟೆ ಇದು. ಏಳು ಸುತ್ತಿನ ಕೋಟೆಯ ವೈಭವವನ್ನು ಎಲ್ಲರೂ ಹೇಳುತ್ತಾರೆ. ನನ್ನ ಕಣ್ಣನ್ನು ಸೆಳೆದುದು ಬಂಡೆಯ ಕುಳಿಗಳಲ್ಲಿ ನಿಂತ ನೀರು. ಮಳೆಯ ನೀರು ಹಿಡಿಯುವ ಇಂತಹ ಹತ್ತೊಂಬತ್ತು ದೊಣೆಗಳು ಬೆಟ್ಟದಲ್ಲಿವೆ ಎನ್ನುತ್ತಾರೆ. ನಾನು ಕಂಡ ಕೆಲವು ಕಡೆಗಳಲ್ಲಿ ಮೇಲಿನದು ತುಂಬಿದರೆ ಕೆಳಗಿನದಕ್ಕೆ ಹರಿಯುವಂತಿತ್ತು. ಬೆಳಿಗ್ಗೆ ಕೆರೆಗಳ ಸಾಲಿನಲ್ಲಿ ಕಂಡ ಉಪಾಯವೇ ಇಲ್ಲಿ ಬಂಡೆಯ ಮೇಲೆ ಅಂಗೈಯಗಲದಲ್ಲಿದೆ! ಕೆಳಗೆ ಅಮಾನಿ ಬೈರಸಾಗರ ಹೊಳೆಯುತ್ತಿತ್ತು. ಅದರ ಆಕಾರ ಭಾರತದ ನಕ್ಷೆಯಂತಿದೆಯೆಂದು ಹುಡುಗರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ತಲೆ ಓರೆ ಮಾಡಿ ನೋಡಿದರೆ ಹಾಗೆ ಕಾಣುವುದೂ ಉಂಟು.

ಮೇಲಿನಿಂದ ಇನ್ನೊಂದು ದೃಶ್ಯವೂ ಕಂಡಿತು. ಗುಡ್ಡಗಳ ತಪ್ಪಲಿನಲ್ಲಿ, ಕೆರೆಗೆ ನೀರು ಬರಬೇಕಾದ ಇಳಿಜಾರಿನಲ್ಲಿ, ನೀಲಗಿರಿ ತೋಪುಗಳು. ನಮ್ಮ ತಾತಂದಿರ ಕಾಲದಲ್ಲಿ ಸೌದೆಗೆ, ಕಾಗದದ ಕಾರ್ಖಾನೆಗೆ ಎಂದು ಇವುಗಳನ್ನು ಹಬ್ಬಿಸಿದರು. ರಾಗಿ ಬೆಳೆದವನಿಗಿಂತ ನೀಲಗಿರಿ ನೆಟ್ಟವನಿಗೆ ಕೂಲಿಯ ತಾಪತ್ರಯ ಕಡಿಮೆ. ಅವನನ್ನು ದೂರಿ ಫಲವಿಲ್ಲ. ಆದರೆ ಆ ಬೇರುಗಳು ಆಳದ ತೇವವನ್ನೂ ಬಿಡವು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಇದರ ಜೊತೆಗೆ ರಾಜಕಾಲುವೆಗಳನ್ನು ಹೊಲಕ್ಕೆ ಸೇರಿಸಿಕೊಂಡ ಕಡೆಗಳಿವೆ, ಹೂಳು ತುಂಬಿದ ಅಂಗಳಗಳಿವೆ. ಕೆರೆ ತುಂಬದಾಗ ತೆರೆದ ಬಾವಿ ಬತ್ತುತ್ತದೆ. ಬಾವಿ ಬತ್ತಿದಾಗ ಕೊಳವೆಬಾವಿ ಬರುತ್ತದೆ. ನಮ್ಮ ನೆಲದಡಿಯಿರುವುದು ಗಟ್ಟಿ ಕರಿಕಲ್ಲು. ಅದರಲ್ಲಿ ನೀರು ಕೊಡದಂತೆ ತುಂಬಿರುವುದಿಲ್ಲ, ಬಿರುಕುಗಳಲ್ಲಿ ಅಡಗಿರುತ್ತದೆ. ಮೇಲಿನ ಬಿರುಕು ಬರಿದಾದ ಮೇಲೆ ಆಳದ್ದನ್ನು ಹುಡುಕಿಕೊಂಡು ಹೋಗಬೇಕು. ಕಲ್ಲಿನೊಡನೆ ಬಹುಕಾಲ ಇದ್ದ ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಅದು ತಕ್ಕುದಲ್ಲ. ಹಲ್ಲಿನ ಮೇಲೆ ಕಂದು ಗೆರೆಗಳಿರುವ ಗೆಳೆಯರು ನಮ್ಮ ತರಗತಿಯಲ್ಲಿಯೇ ಇದ್ದಾರೆ. ನಾನೂ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸದವನೇ.

ಅಂದರೆ ನಮ್ಮ ಮೂರನೆಯ ಕೊಳವೆಬಾವಿ ಬತ್ತಿದುದು ನಮ್ಮ ಹಣೆಬರಹದಿಂದಲ್ಲ. ಅದರ ಕಾರಣ ನಮ್ಮ ಹೊಲದಲ್ಲಿ ಇರಲಿಲ್ಲ. ಹೊಲದಿಂದ ಎರಡು ಮೈಲಿ ಮೇಲೆ, ಮುಚ್ಚಿಹೋದ ಒಂದು ಕಾಲುವೆಯಲ್ಲಿತ್ತು.

ಪೇರೇಸಂದ್ರದಲ್ಲಿ ಹೈದರಾಬಾದಿನ ಹೆದ್ದಾರಿಯನ್ನು ದಾಟಿ, ಮಂಡಿಕಲ್ಲಿನ ಕಡೆಯ ಕತ್ತಲೆಯ ರಸ್ತೆಗಳಲ್ಲಿ ಊರು ಸೇರುವಾಗ ರಾತ್ರಿ ಒಂಬತ್ತು. ಹೆದ್ದಾರಿಯಲ್ಲಿ ಹಗಲಿನಂತಹ ಬೆಳಕು, ಎರಡು ಮೈಲಿ ಒಳಗೆ ಬಂದರೆ ನರಿಯ ಕಣ್ಣು. ದಾರಿಯುದ್ದಕ್ಕೂ ಟೆಂಪೋ ಹತ್ತಿ ಇಳಿದ ಏರಿಗಳನ್ನು ಎಣಿಸುತ್ತ ಬಂದೆ. ಹನ್ನೊಂದಕ್ಕೆ ನಿದ್ರೆ ಬಂದುಬಿಟ್ಟಿತು.

ಮೂರನೆಯ ದಿನ ಟೊಮೇಟೊ ಪೆಟ್ಟಿಗೆಗಳೊಡನೆ ಚಿಂತಾಮಣಿಗೆ. ರಸ್ತೆಯ ಜೊತೆಜೊತೆಗೆ ಬರುವ ರೈಲುಹಳಿ ಒಂದು ಕಾಲದಲ್ಲಿ ಕೋಲಾರಕ್ಕೆ ಹೋಗುತ್ತಿದ್ದ ಚಿಕ್ಕರೈಲಿನದು. 2013ರಲ್ಲಿ ದೊಡ್ಡ ಹಳಿಯಾಯಿತು. ಬೆಲೆಯ ವಿಷಯ ಹೇಳುವುದು ಬೇಡ. ಟೊಮೇಟೊ ಮಾರಿದ ಯಾರನ್ನಾದರೂ ಕೇಳಿ. ದೂರದಲ್ಲಿ ಅಂಬಾಜಿದುರ್ಗದ ಬೆಟ್ಟ ಕಂಡಿತು. ಈ ತಾಲ್ಲೂಕಿನ ತಲಗವಾರದ ಕಡೆ ಹುಟ್ಟುವ ಪಾಲಾರ್ ಕೋಲಾರ ಜಿಲ್ಲೆಯನ್ನು ಹಾದು, ಆಂಧ್ರದ ಮೂಲೆಯೊಂದನ್ನು ಸವರಿ, ತಮಿಳುನಾಡಿನಲ್ಲಿ ಚೆನ್ನೈಗೆ ದಕ್ಷಿಣಕ್ಕೆ ಸಮುದ್ರ ಸೇರುತ್ತದೆ. ಬೆಳಿಗ್ಗೆ ನೆಲ್ಲೂರಿನ ನೀರಿನ ಸೀಮೆಯಿಂದ ಹೊರಟವರು ಮಧ್ಯಾಹ್ನದೊಳಗೆ ಇನ್ನೊಂದು ನದಿಯ ಸೀಮೆಗೆ ಬಂದಿದ್ದೆವು. ನಡುವೆ ಯಾವ ಬೋರ್ಡೂ ಇರಲಿಲ್ಲ.

ಹಿಂದಿರುಗುವ ಮುನ್ನ ಕೈವಾರದಲ್ಲಿ ಊಟ ಮಾಡಿದೆವು. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂಬುದು ಪ್ರತೀತಿ. ಬಳೆ ಮಾರುತ್ತ ಜ್ಞಾನದ ದಾರಿ ಹಿಡಿದ ಕೈವಾರದ ತಾತಯ್ಯನವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದವರು. ಎರಡು ನುಡಿಗಳೂ ಒಂದೇ ಬಾಯಿಗೆ ಬರುವ ನಮ್ಮ ಸೀಮೆಗೆ ತಕ್ಕ ಗುರು.

ಸಂಜೆ ಮನೆಗೆ ಬಂದು ನೋಟುಬುಕ್ಕು ತೆರೆದು ಅಪ್ಪನಿಗೂ ಅಜ್ಜಿಗೂ ಓದಿ ಹೇಳಿದೆ. ನಮ್ಮ ನೀರು ನೆಲ್ಲೂರಿಗೆ ಹೋಗುವ ಮಾತು ಬಂದಾಗ ಅಜ್ಜಿ, ‘ಹೋದ್ಸಲ ಕೋಡಿ ಬಿತ್ತಲ್ಲ, ಅದೂ ಅಲ್ಲಿಗೇ ಹೋಯ್ತಾ?’ ಎಂದರು. ಅವರು ಹೇಳಿದುದು 2021ರ ನವೆಂಬರಿನ ಮಳೆಯನ್ನು. ನಮ್ಮ ಜಿಲ್ಲೆಯಲ್ಲಿ ವರ್ಷಾನುಗಟ್ಟಲೆ ಬತ್ತಿದ್ದ ಕೆರೆಗಳು ಆಗ ಕೋಡಿ ಹರಿದು, ಹೆಂಗಸರು ಬಾಗಿನ ಬಿಟ್ಟರು. ಅದೇ ತಿಂಗಳು ಕಡಪ ಜಿಲ್ಲೆಯ ಕಮಲಾಪುರದ ಬಳಿ ಪಾಪಾಗ್ನಿಯ ಸೇತುವೆ ಪ್ರವಾಹಕ್ಕೆ ಕುಸಿಯಿತು. ಇದನ್ನು ಹೇಳಿದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ‘ನಮ್ಮ ಕೆರೆ ಆವತ್ತೂ ಅರ್ಧಾನೇ ತುಂಬಿದ್ದು. ಮೇಲಿನ ಕಾಲುವೆ ಸರಿಯಿದ್ದಿದ್ರೆ ಅಷ್ಟಾದರೂ ಇಲ್ಲೇ ನಿಲ್ತಿತ್ತು’ ಎಂದರು. ಮೂರು ದಿನ ಸುತ್ತಿ ನಾನು ಕಂಡುಹಿಡಿದದ್ದು ಅವರಿಗೆ ಮೊದಲೇ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ.

ಮರುದಿನ ಅಪ್ಪನೊಡನೆ ಆ ಕಾಲುವೆಯ ಉದ್ದಕ್ಕೂ ನಡೆದುಹೋದೆ. ಮೂರು ಕಡೆ ಲಾಂಟಾನ ಬೆಳೆದು ಮುಚ್ಚಿದೆ. ಒಂದು ಕಡೆ ದಾರಿ ಮಾಡುವಾಗ ಮಣ್ಣು ಸುರಿದು ಮೋರಿ ಇಡುವುದನ್ನು ಮರೆತಿದ್ದಾರೆ. ಹೂಳು ತೆಗೆಸಿ ಮೋರಿ ಹಾಕಿಸಬೇಕೆಂದು ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆದೆ. ಬಿ.ಎ. ಓದಿ ನಾನು ಊರಿಗಾಗಿ ಬರೆದ ಮೊದಲ ಕಾಗದ ಅದು. ಇಪ್ಪತ್ತೆರಡು ಮಂದಿ ಸಹಿ ಹಾಕಿದರು. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಜಮೀನಿನ ಮಾತನ್ನು ಅಪ್ಪ ಮುಂದಿನ ಮಳೆಗಾಲ ಕಳೆಯುವವರೆಗೆ ಮುಂದಕ್ಕೆ ಹಾಕಿದ್ದಾರೆ. ಸಾಲಗಾರರು ಅಷ್ಟು ದಿನ ಕಾಯುವರೋ ಇಲ್ಲವೋ, ನೋಡಬೇಕು.

ರಜೆ ಮುಗಿದು ತರಗತಿಗೆ ಬಂದಾಗ ಅಧ್ಯಾಪಕರು ತಾವು ಕೇಳಿದ ಪ್ರಶ್ನೆಯನ್ನು ಮರೆತಿರಲಿಲ್ಲ. ‘ಪಾಪಾಗ್ನಿ ಸಾರ್, ಚಿತ್ರಾವತಿ ಸಾರ್, ಎರಡೂ ಸೇರಿ ಉತ್ತರ ಪಿನಾಕಿನಿ’ ಎಂದೆ. ಕಾವೇರಿ ತೀರದ ಗೆಳೆಯ ಹಿಂದಿನ ಬೆಂಚಿನಿಂದ, ‘ಅದರಲ್ಲಿ ನೀರಿದೆಯೇನೋ?’ ಎಂದು ಕೇಳಿದ. ಮುಂದಿನ ರಜೆಯಲ್ಲಿ ಅವನನ್ನು ತಲಕಾಯಲಬೆಟ್ಟಕ್ಕೆ ಕರೆದುಕೊಂಡು ಹೋಗುವುದಾಗಿ ಹೇಳಿದ್ದೇನೆ. ಮಾವನ ಟೆಂಪೋದಲ್ಲಿ ಮೂರನೆಯವನಿಗೆ ಸೀಟಿಲ್ಲ. ಹಿಂದೆ ಗೂಡಿನ ಚೀಲಗಳ ಮೇಲೆ ಕೂರಬೇಕಾಗುತ್ತದೆ.